ಮೀನು ತಿನ್ನದವರ ಮೀನೂರು

ನನ್ನ ರೂಮ್‌ಮೇಟ್ ಮಹಾಶಯರು ಮೀನನ್ನು ಮುಟ್ಟುತ್ತಿದ್ದರು, ಮೂಸುತ್ತಿದ್ದರು, ಕಿವಿರು ಎತ್ತಿ ನೋಡಿ ಅದು ಎಷ್ಟು ಹೊತ್ತಿಗೆ ಬಲೆಗೆ ಬಿತ್ತೆಂದು ಜಾತಕ ಹೇಳುತ್ತಿದ್ದರು. ತಿನ್ನುವುದೊಂದನ್ನು ಬಿಟ್ಟು ಮೀನಿನ ಜೊತೆ ಒಬ್ಬ ಮನುಷ್ಯ ಏನೇನು ಮಾಡಬಹುದೋ ಅದನ್ನೆಲ್ಲ ಮಾಡುತ್ತಿದ್ದರು! ಹುಬ್ಬಳ್ಳಿ ಕಡೆಯ ಅಪ್ಪಟ ಸಸ್ಯಾಹಾರಿ. ಮೊಟ್ಟೆ ಬಿದ್ದ ಕೇಕನ್ನೂ ದೂರ ತಳ್ಳುವವರು. ಸಮುದ್ರವನ್ನು ಕಂಡದ್ದೇ ಇಪ್ಪತ್ತಾರನೆಯ ವಯಸ್ಸಿನಲ್ಲಿ. ಇಂಥವರಿಗೆ ಇಂಡೋನೇಷ್ಯಾದ ಒಂದು ಮೀನುಗಾರರ ಹಳ್ಳಿ ಗಂಟುಬಿದ್ದದ್ದು ಹೇಗೆ ಅಂತೀರಾ? ಹೇಳುತ್ತೇನೆ.

ಇದು 2013ರ ಸುಮಾರಿನ ಮಾತು. ಸಿಂಗಪುರದ ಹೌಗಾಂಗ್‌ನಲ್ಲಿ ಏಳನೇ ಮಹಡಿಯ ಫ್ಲ್ಯಾಟೊಂದನ್ನು ನಾವಿಬ್ಬರು ಹಂಚಿಕೊಂಡಿದ್ದೆವು. ನಾನು ಮೈಸೂರಿನವನು, ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಅವರಿಗೆ ನನಗಿಂತ ಇಪ್ಪತ್ತು ವರ್ಷ ಹೆಚ್ಚು, ಮದುವೆಯಾಗಿರಲಿಲ್ಲ. ಕಾಕಿ ಬುಕಿತ್‌ನ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಯಂತ್ರಗಳ ಉಸ್ತುವಾರಿ. ದಿನವಿಡೀ ಮೈನಸ್ ಹದಿನೆಂಟು ಡಿಗ್ರಿಯಲ್ಲಿ ನಿಂತು ಸಂಜೆ ಮಂಕಿ ಟೋಪಿಯಲ್ಲೇ ಬಸ್ಸು ಹತ್ತುತ್ತಿದ್ದರು. ಸಮಭಾಜಕ ವೃತ್ತದ ಪಕ್ಕದ ಊರಲ್ಲಿ ಮಂಕಿ ಟೋಪಿ! ಬಸ್ಸಿನಲ್ಲಿ ಅವರ ಪಕ್ಕದ ಸೀಟು ಯಾವತ್ತೂ ಖಾಲಿ.

ಖಾಲಿಯೆಂದರೆ, ನಮ್ಮ ಬದುಕೇ ಸ್ವಲ್ಪ ಹಾಗಿತ್ತು ಅನ್ನಿ. ಭಾನುವಾರ ಬಂದರೆ ಅವರು ಅವರ ಕೋಣೆಯಲ್ಲಿ, ನಾನು ನನ್ನ ಕೋಣೆಯಲ್ಲಿ, ನಡುವೆ ಒಂದು ಕುಕ್ಕರ್. ಕೆಳಗೆ ವಾಯ್ಡ್ ಡೆಕ್ ಎಂಬ ಗೋಡೆಯಿಲ್ಲದ ನೆಲಮಹಡಿಯಲ್ಲಿ ಒಂದು ವಾರ ಯಾರದೋ ಮದುವೆ, ಇನ್ನೊಂದು ವಾರ ಯಾರದೋ ಸಾವು. ಎರಡರಲ್ಲೂ ನಮ್ಮ ಪರಿಚಯದವರಿಲ್ಲ. ಎದುರು ಮನೆಯ ಆಂಟಿಯ ಮುಖವನ್ನು ನಾಲ್ಕು ವರ್ಷದಿಂದ ನೋಡುತ್ತಿದ್ದರೂ ಹೆಸರು ಗೊತ್ತಿರಲಿಲ್ಲ. ಅವರಿಗಂತೂ ನಮ್ಮಲ್ಲಿ ಯಾರು ಯಾರೆಂಬುದೇ ಗೊತ್ತಿರಲಿಲ್ಲ.

ಅಂಥದ್ದರಲ್ಲಿ ಒಂದು ರಜೆಯ ದಿನ ಮಹಾಶಯರು ಫೆರಿ ಹತ್ತಿ ತಾಂಜುಂಗ್ ಪಿನಾಂಗ್ ಎಂಬ ಪಕ್ಕದ ದೇಶದ ಊರಿಗೆ ಹೋದರು. ಅಲ್ಲಿ ಬೀಚಿಗೆ ಹೋಗುವ ದೋಣಿಯೆಂದು ತಿಳಿದು ಐಸ್ ಸಾಗಿಸುವ ದೋಣಿಗೆ ಹತ್ತಿ ಕುಳಿತರು. ಎಲ್ಲರೂ ತಮ್ಮನ್ನೇ ನೋಡಿ ನಗುತ್ತಿದ್ದುದನ್ನು ಆ ಊರಿನ ಅತಿಥಿ ಸತ್ಕಾರವೆಂದು ಭಾವಿಸಿದರಂತೆ! ದೋಣಿ ಒಂದು ಗಂಟೆ ಸಾಗಿ, ನೀರಿನ ಮೇಲೆ ಮರದ ಕಂಬಗಳನ್ನು ನೆಟ್ಟು ಕಟ್ಟಿದ ಹಳ್ಳಿಗೆ ತಂದು ಬಿಟ್ಟಿತು. ವಾಪಸು ದೋಣಿ ಮಾರನೆಯ ದಿನ. ಊರಿನ ಮುಖಂಡನ ಮನೆಯಲ್ಲಿ ಉಳಿದರು. ಬೆಳಗ್ಗೆ ಎದ್ದು ಓಡಾಡುವಾಗ ಒಂದು ಶೆಡ್ಡಿನಲ್ಲಿ ಕಂಡದ್ದೇನು? ಐಸ್ ಮಾಡುವ ಯಂತ್ರ. ಯಾರೋ ದಾನ ಕೊಟ್ಟದ್ದು, ಒಂದು ವರ್ಷ ನಡೆದು ಕೆಟ್ಟು ನಿಂತಿತ್ತು. ಅದರೊಳಗೆ ಕೋಳಿ ಕಾವಿಗೆ ಕೂತಿತ್ತು.

ಕುಂಟುವ ಹಸುವನ್ನು ಕಂಡ ದನದ ಡಾಕ್ಟರು ಸುಮ್ಮನೆ ಮನೆಗೆ ಹೋದಾನೆಯೇ?

ಅಂದಿನಿಂದ ಎರಡು ವಾರಕ್ಕೊಮ್ಮೆ ಶನಿವಾರ ಬೆಳಗ್ಗೆ ಮಹಾಶಯರು ಮಾಯ. ಮನೆಯಲ್ಲಿ ಊಟಕ್ಕೆ ಕೂತರೆ ಮೀನಿನ ಅರ್ಥಶಾಸ್ತ್ರ ಶುರು. ಆ ಹಳ್ಳಿಯ ಪ್ರಪಂಚ ನಿಂತಿರುವುದು ಆದಿಶೇಷನ ಮೇಲಲ್ಲ, ಐಸಿನ ಮೇಲೆ ಎನ್ನುತ್ತಿದ್ದರು. ಅಲ್ಲಿ ತೌಕೆ ಎಂದರೆ ಸಾಹುಕಾರ. ಐಸೂ ಡೀಸೆಲ್ಲೂ ಅವನ ದೋಣಿಯಲ್ಲೇ ಬರಬೇಕು, ಮೀನೆಲ್ಲ ಅವನಿಗೇ ಹೋಗಬೇಕು, ದರ ಅವನ ಬಾಯಲ್ಲಿ ಬಂದದ್ದೇ. ಐಸೋ, ಪಟ್ಟಣದಿಂದ ಹೊರಡುವಾಗ ದಿಂಬಿನಷ್ಟು, ಹಳ್ಳಿ ಮುಟ್ಟುವಾಗ ಸೋಪಿನಷ್ಟು.

"ಐಸ್ ಅವರ ಕೈಯಾಗಿದ್ರ ಮೀನು ಇನ್ನೊಂದು ದಿನ ಕಾಯತೈತಿ, ತಮ್ಮಾ," ಎಂದರು ಒಂದು ದಿನ. "ಕಾಯೂ ಶಕ್ತಿ ಇದ್ದಾಂವಗ ಮಾತಾಡೂ ಧೈರ್ಯ ಬರತೈತಿ."

ಯಂತ್ರದ ಬಿಡಿಭಾಗಗಳನ್ನು ಒಂದೊಂದಾಗಿ ಚೀಲದಲ್ಲಿ ಒಯ್ಯುತ್ತಿದ್ದರು. ಒಮ್ಮೆ ಫೆರಿ ನಿಲ್ದಾಣದ ಎಕ್ಸ್‌ರೇಯಲ್ಲಿ ಪುಟ್ಟ ಕಂಪ್ರೆಸರ್ ಕಂಡು ಅಧಿಕಾರಿ ಇದೇನೆಂದು ಕೇಳಿದ. ಇವರು ವಿವರಿಸುವ ಉತ್ಸಾಹದಲ್ಲಿ "ಹಾರ್ಟ್" ಅಂದರು. ಅಧಿಕಾರಿ ಗಂಭೀರವಾಗಿ ಯಾರದೆಂದು ಕೇಳಿದನಂತೆ. ಮುಂದಿನ ಎರಡು ಗಂಟೆ ಮಹಾಶಯರು ಅಲ್ಲೇ ಕುಳಿತು ರೆಫ್ರಿಜರೇಶನ್ ಪಾಠ ಮಾಡಿದರು, ಫೆರಿ ತಪ್ಪಿತು.

ಯುಗಾದಿಯಂದು ಕನ್ನಡಿಗರೊಬ್ಬರ ಕಾಂಡೋದಲ್ಲಿ ಊಟ. ಅಲ್ಲೂ ಇದೇ ಕಥೆ. ಅಮಾವಾಸ್ಯೆಯ ಹತ್ತಿರ ದೋಣಿಯಲ್ಲಿ ದೀಪ ಹಚ್ಚಿದರೆ ಬೊಂಡಾಸು ಮೀನು ಹೇಗೆ ಬೆಳಕಿಗೆ ಮುತ್ತುತ್ತದೆ, ಮೇಲೆತ್ತಿದಾಗ ಹೇಗೆ ಮಸಿ ಉಗುಳುತ್ತದೆ ಎಂದು ಅಭಿನಯಿಸಿ ತೋರಿಸುತ್ತಿದ್ದರು. ಮನೆಯಾಕೆ ತುಪ್ಪದ ಮಿಳ್ಳೆ ಹಿಡಿದು ಬಂದು, "ಅಂಕಲ್, ಹೋಳಿಗೆ ಮುಗಿಯೋವರೆಗಾದ್ರೂ ವೆಜ್ ಟಾಪಿಕ್ ಮಾತಾಡಿ ಪ್ಲೀಸ್," ಅಂದರು. ಪಾಪ, ಅಲ್ಲಿಂದಾಚೆ ಇವರು ಹವಾಮಾನದ ಬಗ್ಗೆ ಮಾತಾಡಿದರು. ಅದೂ ಬಲೆ ಬೀಸಲು ಯೋಗ್ಯವಾದ ಹವಾಮಾನ!

ಹಳ್ಳಿಯವರು ಸುಮ್ಮನೆ ಕಳಿಸುತ್ತಾರೆಯೇ? ಪ್ರತಿ ಸಲವೂ ಒಣಗಿಸಿದ ಸಣ್ಣಮೀನಿನ ಚೀಲ. ಬೇಡವೆನ್ನಲು ಇವರಿಗೆ ನಾಲಿಗೆ ಬಾರದು. ಇಬ್ಬರು ಸಸ್ಯಾಹಾರಿಗಳ ಅಡುಗೆಮನೆ ಮಲ್ಪೆ ಬಂದರಿನ ಹಾಗೆ ನಾರತೊಡಗಿತು. ನಾನು ಮನೆ ಬಿಡುತ್ತೇನೆಂದು ಹೆದರಿಸಿದ ಮೇಲೆ ಚೀಲ ಹಿಡಿದು ಎದುರು ಮನೆಯ ಬಾಗಿಲು ತಟ್ಟಿದರು. ಆಂಟಿ ಮೂಸಿ ನೋಡಿ, "ವೆರಿ ಗುಡ್ ಕ್ವಾಲಿಟಿ ಲಾ," ಅಂದರು. ಮರುದಿನ ನಮ್ಮ ಬಾಗಿಲಿಗೆ ಕಿತ್ತಳೆ ಹಣ್ಣು ಬಂತು. ತಿಂಗಳೊಪ್ಪತ್ತಿನಲ್ಲಿ ಇಡೀ ಮಹಡಿಗೆ ಅವರು ಮೀನಿನ ಅಂಕಲ್ ಆದರು. ನಾನು? ಮೀನಿನ ಅಂಕಲ್ ಮನೆಯಲ್ಲಿರುವವನು.

ಒಂದೂವರೆ ವರ್ಷವಾದ ಮೇಲೆ, ಯಂತ್ರಕ್ಕೆ ಜೀವ ಬರುವ ದಿನವೆಂದು ನನ್ನನ್ನೂ ಎಳೆದುಕೊಂಡು ಹೋದರು. ಹಲಗೆಯ ಬೀದಿ, ಕೆಳಗೆ ಏರಿಳಿಯುವ ನೀರು, ಮನೆಮನೆಯ ಮುಂದೆ ಬಿಸಿಲಿಗೆ ಹರಡಿದ ಮೀನು. ಕಾಲಿಟ್ಟ ಕೂಡಲೇ ನಾಲ್ಕೂ ಕಡೆಯಿಂದ "ಪಾಕ್ ಎಸ್" ಎಂಬ ಕೂಗು. ಐಸ್ ಯಜಮಾನರು ಅಂತ ಅರ್ಥ. ಬಸ್ಸಿನಲ್ಲಿ ಪಕ್ಕಕ್ಕೆ ಯಾರೂ ಕೂರದ ಮನುಷ್ಯನನ್ನು ಅಲ್ಲಿ ಹತ್ತು ಮನೆಯವರು ಊಟಕ್ಕೆ ಕರೆದರು. ಮೀನು ತಿನ್ನದ ಅತಿಥಿಗೆ ಬಡಿಸುವುದೇನು? ಬೇಯಿಸಿದ ಮರಗೆಣಸು. ಇವರಿಗೇನೋ ದೊಡ್ಡ ಕಾಯಿಲೆಯಿದೆ, ಡಾಕ್ಟರು ಪಥ್ಯ ಹೇಳಿದ್ದಾರೆ ಎಂದು ಊರೆಲ್ಲ ನಂಬಿತ್ತು. ನಾನೂ ತಿನ್ನುವುದಿಲ್ಲವೆಂದು ತಿಳಿದಾಗ ಅಂಟುರೋಗವೆಂದು ತೀರ್ಮಾನವಾಯಿತು.

ಊರಿಗೆ ಕರೆಂಟು ಸಂಜೆ ಆರರಿಂದ, ಜನರೇಟರಿನದು. ಮಹಾಶಯರು ಗುಂಡಿ ಒತ್ತಿದರು. ಯಂತ್ರ ಕೆಮ್ಮಿತು, ನಡುಗಿತು, ಬಿಳಿಯ ಐಸಿನ ಚೂರು ಉದುರಿಸಿತು. ಅದೇ ಕ್ಷಣಕ್ಕೆ ಊರಿನ ಅಷ್ಟೂ ಟಿವಿ ಆರಿತು. ಧಾರಾವಾಹಿಯ ನಡುಮಧ್ಯೆ! ಗಂಡಸರು ಐಸ್ ನೋಡಿ ಚಪ್ಪಾಳೆ ತಟ್ಟುತ್ತಿದ್ದಾಗ ಹೆಂಗಸರು ಸೌಟು ಹಿಡಿದು ಬಂದರು. ಪಂಚಾಯಿತಿ ನಡೆದು, ಧಾರಾವಾಹಿ ಮುಗಿದ ಮೇಲಷ್ಟೇ ಐಸ್ ಎಂದು ಒಪ್ಪಂದವಾಯಿತು. ಆ ಒಪ್ಪಂದ ಒಮ್ಮೆಯೂ ಮುರಿಯಲಿಲ್ಲ.

ಕೆಲವೇ ತಿಂಗಳಲ್ಲಿ ತೌಕೆ ಮೀನಿಗೆ ಕೊಡುವ ದರ ಮೇಲೇರಿತು, ಮಾತು ಮೆತ್ತಗಾಯಿತು. ಮಹಾಶಯರು ನೆಲದ ಮೇಲೆ ನಡೆಯುತ್ತಿರಲಿಲ್ಲ. ಆದರೆ ಒಂದು ಭಾನುವಾರ ಹಳ್ಳಿಯಿಂದ ಬಂದವರು ಊಟ ಬೇಡವೆಂದು ಮಲಗಿಬಿಟ್ಟರು. ಕೇಳಿದ್ದಕ್ಕೆ ನಿಧಾನವಾಗಿ ಹೇಳಿದರು. ಉಪ್ಪುಮೀನು ಮಾಡಿ ಬದುಕುವ ಅಜ್ಜಿಯೊಬ್ಬಳಿದ್ದಳು, ಒಂಟಿ. ಮಧ್ಯಾಹ್ನ ಕೆಡಲಿದ್ದ ಮೀನನ್ನು ಅಗ್ಗಕ್ಕೆ ಕೊಂಡು, ಸೀಳಿ, ಉಪ್ಪು ತುಂಬಿ ಒಣಗಿಸುವುದೇ ಅವಳ ಜೀವನ. ಈಗ ಮೀನು ಕೆಡುವುದೇ ಇಲ್ಲವಲ್ಲ! ಅವಳು ಜಗಳವಾಡಲಿಲ್ಲವಂತೆ. ಮೀನು ಒಣಹಾಕುವ ಚಪ್ಪರ ಖಾಲಿಯಿದ್ದುದನ್ನು ತೋರಿಸಿ, ನೀನು ಎಲ್ಲರಿಗೂ ತಂಪು ಕೊಟ್ಟೆ, ನನ್ನ ಬಿಸಿಲಿಗೆ ಕೆಲಸವಿಲ್ಲದ ಹಾಗೆ ಮಾಡಿದೆ ಎಂದಷ್ಟೇ ಹೇಳಿದಳಂತೆ.

ಮುಂದಿನ ಸಲ ಹೋಗಿ ಬಂದಾಗ ಹೊಟ್ಟೆ ತುಂಬ ಉಂಡರು. ತಟ್ಟೆ ತೊಳೆಯುತ್ತ ನನ್ನ ಕಡೆ ತಿರುಗದೆ, "ಒಂದು ಸ್ಕ್ರೂ ಬಿಗಿ ಮಾಡಿ ಬಂದೀನಿ," ಎಂದರು. "ಇನ್ನ ಮ್ಯಾಲೆ ಐಸ್ ದೊಡ್ಡ ಮೀನಕ್ಕಷ್ಟ ಸಾಕಾಗತೈತಿ. ಸಣ್ಣವು ಅಜ್ಜಿಗೆ ಹೋಗತಾವು. ಮೂವತ್ತು ವರ್ಷದ ಸರ್ವೀಸ್‌ನಾಗ ಬೇಕಂತಲೇ ಮಷಿನ್ ಕೆಡಿಸಿದ್ದು ಇದೇ ಮೊದಲು."

ಊರಿನವರಿಗೆ ಹೇಳದೆ ಮಾಡಿದ್ದು ಅವರನ್ನು ಒಳಗೊಳಗೇ ಕೊರೆಯುತ್ತಿತ್ತು. ಹೇಳುತ್ತೇನೆ, ಹೇಳುತ್ತೇನೆ ಎಂದು ತಿಂಗಳುಗಳು ಕಳೆದವು. ಅಷ್ಟರಲ್ಲಿ ಅವರ ಕಂಪನಿ ಆ ಕೋಲ್ಡ್ ಸ್ಟೋರೇಜನ್ನು ಮುಚ್ಚಿತು, ವರ್ಕ್ ಪಾಸ್ ಮುಗಿಯಿತು. ಮಸ್ಕತ್‌ನಲ್ಲಿ ಬೇರೆ ಕೆಲಸ ಸಿಕ್ಕಿತು, ಆದರೆ ವಾರದೊಳಗೆ ಹೊರಡಬೇಕು. ಹಳ್ಳಿಗೆ ಹೋಗಲು ಪುರುಸೊತ್ತಿಲ್ಲ. ಏರ್‌ಪೋರ್ಟಿನಲ್ಲಿ ನನ್ನ ಭುಜ ಹಿಡಿದು, "ಫೋನ್‌ನಾಗ ಹೇಳಬ್ಯಾಡ. ಹೋಗಿ ಹೇಳು. ಸ್ಕ್ರೂದೂ ಹೇಳು," ಎಂದರು. ನಾನು ಹೂಂ ಅಂದೆ. ಆಮೇಲೆ ಮೂರು ಶನಿವಾರ ಹೋಗಲಿಲ್ಲ. ಯಾಕೆಂದರೆ, ಹೋಗಿ ಹೇಳಿದರೆ ಅವರು ಹೋದದ್ದು ನಿಜವಾಗಿಬಿಡುತ್ತಿತ್ತು.

ನಾಲ್ಕನೆಯ ಶನಿವಾರ ಹೋದೆ, ಒಬ್ಬನೇ. ಸಿಂಗಪುರದ ಹಾಕರ್ ಸೆಂಟರಿನ ಊಟದಂಗಡಿಗಳಲ್ಲಿ ಕಲಿತ ಹರಕುಮುರುಕು ಮಲಯ ಭಾಷೆಯಲ್ಲಿ ಮುಖಂಡನಿಗೆ ಎರಡೂ ಸುದ್ದಿ ಒಪ್ಪಿಸಿದೆ. ಮೊದಲನೆಯದಕ್ಕೆ ಅವನು ಐಸಿನ ಶೆಡ್ಡಿನ ಕಡೆ ತಿರುಗಿ ನೋಡಿದ. ಎರಡನೆಯದಕ್ಕೆ ನಕ್ಕುಬಿಟ್ಟ. ಸ್ಕ್ರೂ ಬಿಗಿಯಾದದ್ದು ಮರುವಾರವೇ ಊರಿಗೆಲ್ಲ ಗೊತ್ತಾಗಿತ್ತಂತೆ. ಯಾಕೆಂದು ಅರ್ಥವಾಯಿತು, ಹಾಗೇ ಬಿಟ್ಟೆವು ಎಂದ.

ಅಜ್ಜಿಗೂ ಹೇಳಲು ಹೋದೆ. ಮೀನು ಸೀಳುತ್ತ ಕೂತಿದ್ದಳು. ಕೇಳಿಸಿಕೊಂಡು, ಕೈಯಲ್ಲಿದ್ದ ಮೀನನ್ನು ಸೀಳಿ ಮುಗಿಸಿದಳು. ಆಮೇಲೆ, ಅಲ್ಲಿ ನಿನ್ನ ಜೊತೆ ಊಟಕ್ಕೆ ಈಗ ಯಾರಿದ್ದಾರೆ ಎಂದು ಕೇಳಿದಳು. ಯಾರೂ ಇಲ್ಲ ಎಂದೆ. ಮಲಯದಲ್ಲಿ ಅದನ್ನು ಹೇಳುವುದು ನನಗೆ ಚೆನ್ನಾಗಿಯೇ ಬರುತ್ತಿತ್ತು. ಅವಳು ಸರಿದು ಹಲಗೆಯ ಮೇಲೆ ಜಾಗ ಮಾಡಿ, ಉಪ್ಪಿನ ಬಟ್ಟಲನ್ನು ನನ್ನತ್ತ ತಳ್ಳಿದಳು.

ಜೀವಮಾನದಲ್ಲಿ ಮೀನು ಮುಟ್ಟದ ನಾನು ಆ ಮಧ್ಯಾಹ್ನವೆಲ್ಲ ಅವಳ ಪಕ್ಕ ಕೂತು ಮೀನಿಗೆ ಉಪ್ಪು ತುಂಬಿದೆ. ಯಾವುದೋ ಮುಳ್ಳು ಚುಚ್ಚಿ ಬೆರಳಿಗೆ ಗಾಯವಾಗಿತ್ತು, ಉಪ್ಪು ತಾಗಿ ಉರಿಯುತ್ತಿತ್ತು. ನಾನು ಹೇಳಿರಲಿಲ್ಲ, ಅವಳೇ ನೋಡಿದಳು. ಸುತ್ತ ಸಮುದ್ರವಿದ್ದರೂ ಸಿಹಿನೀರು ಆ ಊರಲ್ಲಿ ಮಳೆ ಕೊಟ್ಟಷ್ಟೇ. ಪೀಪಾಯಿಯಿಂದ ಒಂದು ಚೊಂಬು ಮೊಗೆದು ತಂದಳು. ನನ್ನ ಕೈಯನ್ನು ತನ್ನ ಕೈಯಲ್ಲಿ ಹಿಡಿದು, ಒಂದೊಂದು ಬೆರಳನ್ನೂ ಬಿಡಿಸಿ ತೊಳೆದಳು. ಸಿಂಗಪುರಕ್ಕೆ ಬಂದ ಆರು ವರ್ಷಗಳಲ್ಲಿ ನನ್ನ ಕೈಯನ್ನು ಯಾರೂ ಹಾಗೆ ಹಿಡಿದಿರಲಿಲ್ಲವೆಂದು ನನಗೆ ಆಗ ತಿಳಿಯಿತು.