ಗೋವರ್ಧನನ ಬೀಜದ ಟೆಸ್ಟ್

ಎಲ್ಲಕ್ಕೂ ಕಾರಣ ಪೇಪರಿನ ಆರೋಗ್ಯ ಅಂಕಣ. ನಲವತ್ತು ದಾಟಿದ ಗಂಡಸರ ವೃಷಣಗಳಲ್ಲಿ ಟೆಸ್ಟೋಸ್ಟಿರಾನ್ ಎಂಬ ಹಾರ್ಮೋನು ಕಮ್ಮಿಯಾಗುತ್ತದೆ. ಸುಸ್ತು, ಸಿಡುಕು, ಮರೆವು ಅದರ ಲಕ್ಷಣ ಎಂದು ಬರೆದಿತ್ತು. ನಲವತ್ಮೂರರ ಗೋವರ್ಧನ ಓದಿ ಬೆವತ. ಸುಸ್ತಿತ್ತು, ಸಿಡುಕಿತ್ತು. ಮರೆವಂತೂ ಕೇಳಬೇಡಿ, ಅದೇ ಪೇಪರನ್ನು ಅವನು ಹೋದ ವಾರವೂ ಓದಿ ಹೀಗೆಯೇ ಬೆವತಿದ್ದ.

ಹೆಂಡತಿ ಹರಿಣಾಕ್ಷಿಗೂ ಹೇಳದೆ ಕುಂದಾಪುರದ ಒಂದು ಲ್ಯಾಬಿಗೆ ಹೋಗಿ ರಕ್ತ ಕೊಟ್ಟ. ಮನೆಯಲ್ಲಿ ಫೋನಿಲ್ಲದ್ದರಿಂದ ಫ್ಯಾಕ್ಟರಿಯ ನಂಬರು ಬರೆಸಿದ.

"ಫೋನ್ ತೆಗ್ದವ್ರ ಹತ್ರ ಟೆಸ್ಟೋಸ್ಟಿರಾನ್ ರಿಪೋರ್ಟ್ ಅಂದೇಳಿ ಹೇಳುದಾ?" ಲ್ಯಾಬಿನ ದಿವ್ಯಾ ಕೇಳಿದಳು.

"ಅಯ್ಯಬ್ಯಾ! ಬೀಜದ ಟೆಸ್ಟ್ ಅಂದ್ರೆ ಸಾಕ್. ಯಾರಿಗೂ ಗೊತ್ತಾತಿಲ್ಲೆ."

ಸುಳ್ಳೂ ಅಲ್ಲ, ಮಾನವೂ ಹೋಗುವುದಿಲ್ಲ. ಏಕೆಂದರೆ ಅವನು ಮೇಸ್ತ್ರಿಯಾಗಿದ್ದದ್ದು ಕುಂಭಾಶಿ ಹತ್ತಿರದ ಗೇರುಬೀಜದ ಫ್ಯಾಕ್ಟರಿಯಲ್ಲಿ. ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಎಲ್ಲರ ಬಾಯಲ್ಲೂ ಬೀಜದ್ದೇ ಮಾತು. ಲಾರಿಯ ಬೀಜ ಕೊಯ್ದು ನೋಡಿ ಒಳ್ಳೆಯದೋ ಕೆಟ್ಟದ್ದೋ ಹೇಳುವುದು ಅವನದೇ ಕೆಲಸ. ತನ್ನ ಬುದ್ಧಿಗೆ ತಾನೇ ಬೆನ್ನು ತಟ್ಟಿಕೊಂಡ.

ರಿಪೋರ್ಟು ಬರಬೇಕಾದ ದಿನ, ಅವನೇ ಒಪ್ಪಿಗೆ ಕೊಟ್ಟಿದ್ದ ಒಂದು ಲಾರಿ ಬೀಜವೂ ಗೇಟಿಗೆ ಬಂದು ನಿಂತಿತ್ತು. ಆಫೀಸಿನ ಫೋನು ರಿಂಗಾಯಿತು. ಎತ್ತಿದವರು ಫ್ಯಾಕ್ಟರಿಯ ಮಾಲೀಕರು, ಧನಿ ಗಣಪಯ್ಯ. ಅವರ ಕಿವಿ ಸ್ವಲ್ಪ ಮಂದ, ಗಂಟಲು ಮಾತ್ರ ದೊಡ್ಡದು.

"ಹ್ವಾಯ್, ಲಾರಿ ತಿರ್ಗ್ಸಿ! ಟೆಸ್ಟ್ ಮಾಡ್ದವ್ರ್ ಫೋನ್ ಮಾಡಿರ್. ಗೋವರ್ಧನನ ಬೀಜ ಸಮ ಇಲ್ಲೆ ಅಂಬ್ರ್!"

ಸಿಪ್ಪೆ ತೆಗೆಯುತ್ತಿದ್ದ ನೂರಿಪ್ಪತ್ತು ಹೆಂಗಸರು ತಲೆ ಎತ್ತಿದರು. ಇದು ಕುಂದಾಪುರದ ಲ್ಯಾಬಿನ ಫೋನೇ ಎಂದುಕೊಂಡ ಗೋವರ್ಧನ ಬಾಗಿಲ ಮರೆಗೆ ಸರಿದ.

"ಕಾಂಬುಕೆ ಸಮವೇ ಇತ್ತಲೆ," ಎಂದಳು ಹಿರಿಯಳಾದ ವನಜ.

"ಹೊರ್ಗಿಂದ ಕಂಡ್ರೆ ಎಂತ ಗೊತ್ತಾತ್ತ್? ಒಡ್ದ್ ಕಾಣ್ಕ್," ಎಂದಳು ಪಕ್ಕದ ಪದ್ದು.

ಬೀಜ ತಂದಿದ್ದ ವ್ಯಾಪಾರಿ ಬಚ್ಚನಿಗೆ ಸಿಟ್ಟು ನೆತ್ತಿಗೇರಿತು. "ಕತ್ತಿ ತನ್ನಿ! ನಾಲ್ಕ್ ಜನರ ಎದ್ರೇ ಕೊಯ್ದ್ ಕಾಂಬ!"

ಗೋವರ್ಧನನ ಎರಡೂ ಕೈ ತಾವಾಗಿಯೇ ಲುಂಗಿಯ ಮುಂದೆ ಹೋದವು.

"ಕೆಟ್ ಬೀಜಕ್ಕೆ ಒಪ್ಗಿ ಕೊಟ್ಟವ ನಂಗ್ ಬ್ಯಾಡ. ನಾಳಿಂದ ಬರ್ಬೇಡ ನೀನ್," ಎಂದರು ಧನಿ.

ಒಂದು ಕಡೆ ಮಾನ, ಇನ್ನೊಂದು ಕಡೆ ಅನ್ನ. ಹದಿನೆಂಟು ವರ್ಷದ ಕೆಲಸ ಬಿಟ್ಟು ಎಲ್ಲಿಗೆ ಹೋಗುವುದು? ಗೋವರ್ಧನ ಧನಿಯ ಕಿವಿಗೆ ಬಾಯಿಟ್ಟ. "ಧನಿಗಳೆ, ಅದ್ ಲಾರಿ ಬೀಜ ಅಲ್ಲ. ನನ್... ಸ್ವಂತದ್ದ್."

"ಎಂತ? ನಿನ್ ತ್ವಾಟದ್ದಾ?"

"ಅಲ್ಲ ಧನಿಗಳೆ, ಮೈದ್!"

"ಹಾಂ? ನಿನ್ ಮೈ ಬೀಜ ಟೆಸ್ಟಿಗ್ ಕೊಟ್ಟಿದ್ಯಾ?"

ನೂರಿಪ್ಪತ್ತು ಹೆಂಗಸರ ಕೈ ಒಮ್ಮೆಲೇ ನಿಂತಿತು. ಆಮೇಲೆ ಎದ್ದ ನಗು ಹೆದ್ದಾರಿಯ ಬಸ್ಸಿನವರಿಗೂ ಕೇಳಿರಬೇಕು. ಗೋವರ್ಧನನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೂ ಕೆಲಸ ಉಳಿಯಿತು. ಮೂಟೆಗಳು ಇಳಿದವು, ಬಚ್ಚ ಲೆಕ್ಕ ಚುಕ್ತಾ ಮಾಡಿಸಿಕೊಂಡು ಲಾರಿ ಹತ್ತಿ ಹೋದ.

ಫೋನು ಮತ್ತೆ ರಿಂಗಾಯಿತು.

"ಗಟ್ಟಿ ಹೇಳ್ ಮಗಾ," ಎಂದರು ಧನಿ. "ಕುಂದಾಪ್ರದ್ ಲ್ಯಾಬಾ? ಗೋವರ್ಧನನ ಬೀಜದ ಟೆಸ್ಟಾ? ಎಲ್ಲ ಸಮ ಇತ್ತಾ? ಇಪ್ಪತ್ತ್ ವರ್ಷದ್ ಗಂಡಿನಷ್ಟ್ ಇತ್ತಾ!"

ಫೋನಿಟ್ಟು ಗೋವರ್ಧನನತ್ತ ತಿರುಗಿದರು. "ಹಂಗಾರೆ ಮೊದ್ಲ್ ಫೋನ್ ಮಾಡಿದ್ದ್ ಯಾರ್ ಮರಾಯ?"

ಗೋವರ್ಧನನಿಗೆ ಆಗ ಫಕ್ಕನೆ ನೆನಪಾಯಿತು. ಹೋದ ವಾರ ಬಚ್ಚನ ಬೀಜದ ಮೇಲೆ ಅನುಮಾನ ಬಂದು, ತನ್ನ ಹೆಸರಿನಲ್ಲೇ ಒಂದು ಕೆ.ಜಿ. ಮಂಗಳೂರಿಗೆ ಟೆಸ್ಟಿಗೆ ಕಳಿಸಿದ್ದು ಅವನೇ. ಅದನ್ನು ಮರೆತು ಲಾರಿಗೆ ಒಪ್ಪಿಗೆ ಕೊಟ್ಟದ್ದೂ ಅವನೇ.

"ಮರ್ತೇ ಹೋಯ್ತ್ ಧನಿಗಳೆ," ಎಂದು ತೊದಲಿದ. "ಹಾರ್ಮೋನ್ ಕಮ್ಮಿ ಆದ್ರೆ ಮರೆವ್ ಬತ್ತಂಬ್ರ್..."

ಧನಿ ಗೇಟಿನ ಕಡೆ ಕೈ ತೋರಿಸಿ ಅಬ್ಬರಿಸಿದರು. "ನಿನ್ ಬೀಜ ಸಮ ಇತ್ತಂಬ್ರಲ್ಲ! ಹಾಳಾದ್ದ್ ನನ್ ಬೀಜ! ನಡಿ ಹೊರ್ಗೆ!"