ಬಾಳೆ ಬೇರು ಅರೆಯುವ ಮಾವ

ನಮ್ಮ ಸೋದರಮಾವನ ಪಕ್ಕ ಊಟಕ್ಕೆ ಕೂತು ಹೊಟ್ಟೆ ತುಂಬ ಉಂಡು ಎದ್ದವರು ಇಡೀ ನಂಜನಗೂಡಿನಲ್ಲಿ ಒಬ್ಬರೂ ಇಲ್ಲ! ಎಲೆ ಹಾಕಿದ ಕೂಡಲೇ ಅವರಿಗೆ ಪಾಠ ನೆನಪಾಗುತ್ತಿತ್ತು. ಅನ್ನ ಪಕ್ಕಕ್ಕೆ ತಳ್ಳಿ, ಸಾರಿನಲ್ಲಿ ಬೆರಳದ್ದಿ, ಎಲೆಯ ಮೇಲೆ ಚಿತ್ರ ಬರೆಯುತ್ತಿದ್ದರು. "ಪ್ರೋಟೀನು ಅಂದ್ರೆ ಅರ್ಜಿ ಇದ್ದಂಗೆ ಕಣಯ್ಯ. ಕಿಣ್ವ ಬಂದು ಸೀಲು ಒತ್ತಿದ್ರೇನೇ ಅದು ಮುಂದಕ್ಕೆ ಹೋಗೋದು." ಗಿಡವಾಗಲಿ ಮನುಷ್ಯನಾಗಲಿ, ಒಳಗೆಲ್ಲ ತಾಲ್ಲೂಕು ಕಚೇರಿಯೇ ಅಂತೆ. ಅಷ್ಟರಲ್ಲಿ ಸಾರು ಆರಿ ತಣ್ಣಗಾಗಿರುತ್ತಿತ್ತು.

ತೊಂಬತ್ತರ ದಶಕದಲ್ಲಿ ನಮ್ಮ ಕಡೆಯ ರಸಬಾಳೆ ತೋಟಗಳು ಸೊರಗು ರೋಗಕ್ಕೆ ಒಂದೊಂದಾಗಿ ಹೋದವು. ರೋಗ ತಗುಲಿದ ಬೇರಿನಲ್ಲಿ ಯಾವ ಸೀಲು ತಪ್ಪಿತು ಎಂದು ಹುಡುಕುವುದು ಮೈಸೂರಿನ ಪ್ರಯೋಗಾಲಯದಲ್ಲಿ ಮಾವನ ಕೆಲಸ. ಕಿಣ್ವ ಬಿಸಿಗೆ ಕೆಡುತ್ತದೆಂದು ಐಸ್‌ಕ್ಯಾಂಡಿ ಡಬ್ಬಿಯಲ್ಲಿ ಬೇರು ತುಂಬಿಕೊಂಡು ಮೈಸೂರಿಗೆ ಹೋಗುವ ಕವಲಂದೆ ಬಸ್ಸು ಹತ್ತುತ್ತಿದ್ದರು. ಕಂಡಕ್ಟರ್ ಒಮ್ಮೆ ಕ್ಯಾಂಡಿ ಕೇಳಿ, ಬದಲಿಗೆ ಸಿಕ್ಕ ಪಾಠದಲ್ಲಿ ಟಿಕೆಟ್ ಕೊಡುವುದನ್ನೇ ಮರೆತ.

ಉಳಿದ ಬೇರು ಮನೆಯ ಫ್ರಿಜ್ಜಿಗೆ! ನಾನಾಗ ತಿ. ನರಸೀಪುರದಲ್ಲಿ ಅಂಚೆ ಗುಮಾಸ್ತ. ಒಂದು ಭಾನುವಾರ ಹೋದಾಗ ಅತ್ತೆ ಚಟ್ನಿಯೆಂದು ನನ್ನ ದೋಸೆಗೆ ಬಡಿಸಿದ್ದು ನೀರಿನಲ್ಲಿ ಅರೆದಿಟ್ಟ ಬಾಳೆ ಬೇರು. ಮಾವ ನನ್ನ ಹೊಟ್ಟೆಯ ಗತಿ ವಿಚಾರಿಸಿದರೇ? ಇಲ್ಲ. ನೋಟ್‌ಬುಕ್ ತೆಗೆದು ಬರೆದುಕೊಂಡರು: "ಮಾದರಿ ಮೂರು, ಅಳಿಯ ತಿಂದ." ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಮರುವರ್ಷ ಅದೇ ಅತ್ತೆಗೆ ರಕ್ತದ ಕ್ಯಾನ್ಸರ್ ಬಂತು. ವರದಿ ಓದಿದ ದಿನವೇ ಮಾವನ ಊಟದ ಪಾಠ ನಿಂತಿತು. ಒಂದು ಕಿಣ್ವ ಬೇಡವೆಂದರೂ ಸೀಲು ಒತ್ತುತ್ತಲೇ ಇದೆ, ಬಿಳಿ ರಕ್ತಕಣಗಳು ಹತೋಟಿ ಮೀರಿ ಹೆಚ್ಚುತ್ತಿವೆ ಎಂದಷ್ಟೇ ನನಗೆ ಹೇಳಿದರು. ಅದನ್ನು ತಡೆಯುವ ಮದ್ದು ಆಗಿನ್ನೂ ನಮ್ಮ ಕಡೆಗೆ ಬಂದಿರಲಿಲ್ಲ. ರೋಗದ ಹುಟ್ಟೂರು ಗೊತ್ತಿದ್ದೂ ಹೆಂಡತಿಯನ್ನು ಉಳಿಸಿಕೊಳ್ಳಲಾಗದ ಓದು ಯಾಕಾದರೂ ಬೇಕೋ!

ಅವರೋ, ಮೊದಲಿಗಿಂತ ಬೇಗ ಪ್ರಯೋಗಾಲಯಕ್ಕೆ ಓಡತೊಡಗಿದರು. ಹಾಸಿಗೆ ಹಿಡಿದ ಹೆಂಡತಿಯನ್ನು ಬಿಟ್ಟು ಬೇರು ಅರೆಯುವುದೇ ಎಂದು ನೆಂಟರು ಬೈದರು. ನಾನೂ ಬೈದೆ. ಅತ್ತೆಯ ಮುಖ ನೋಡುವ ಧೈರ್ಯ ಅವರಿಗಿಲ್ಲವೆಂದು ನನಗೆ ಹೊಳೆಯಲಿಲ್ಲ.

ನಾನು ನೋಡಲು ಹೋಗಿದ್ದ ಒಂದು ಬೆಳಗ್ಗೆ ಮಾವ ಚಪ್ಪಲಿ ಮೆಟ್ಟುತ್ತಿದ್ದಾಗ ಅತ್ತೆ ಮಲಗಿದಲ್ಲಿಂದಲೇ ಕೇಳಿದರು.

"ನೀವು ಹುಡುಕ್ತಿರೋದು ಸಿಕ್ತದಾ?"

"ಗೊತ್ತಿಲ್ಲ ಕಣೇ. ಸಿಕ್ಕಿದ್ರೂ ನಿಂಗೆ ಆಗಲ್ಲ."

"ಯಾರಿಗಾದ್ರೂ ಆಗ್ಲಿ ಬುಡಿ. ನಾಳೆಯಿಂದ ಹೋಗಿ. ಇವತ್ತೊಂದಿನ ನನ್ ಜೊತೆ ಇರಿ."

ಮಾವ ಚಪ್ಪಲಿ ಬಿಟ್ಟು ಬಂದು ಪಕ್ಕದಲ್ಲಿ ಕೂತರು. ಹನ್ನೊಂದು ದಿನ ಬೆಳಗ್ಗೆ ಅತ್ತೆ ಅದನ್ನೇ ಹೇಳಿದರು, ಹನ್ನೊಂದು ದಿನವೂ ಅವರು ಕೂತರು. ಹನ್ನೆರಡನೆಯ ಬೆಳಗ್ಗೆ ಇರಿ ಎನ್ನಲು ಅತ್ತೆಯೇ ಇರಲಿಲ್ಲ. ಮಾವ ಆವತ್ತೂ ಎದ್ದು ಹೋಗಲಿಲ್ಲ.