ಮಾವನ ಕರಿ ಕುದುರೆ

ನಮ್ಮ ಮಾವನವರನ್ನು ಬುದ್ಧಿಬಲದಾಟದಲ್ಲಿ ಸೋಲಿಸಿದವರು ಕಾರವಾರದಲ್ಲಿ ಯಾರೂ ಇಲ್ಲ, ಅಂಕೋಲೆಯಲ್ಲಿ ಒಬ್ಬನಿದ್ದಾನೆ. ಅವನು ಯಾರೆಂದು ನನ್ನ ಬಾಯಿಂದಲೇ ಹೇಳಿದರೆ ಚೆನ್ನಾಗಿರುವುದಿಲ್ಲ. ಆದರೂ ಹೇಳುತ್ತೇನೆ: ನಾನು!

ಮಾವ ಕಾರವಾರದ ಕೋಡಿಬಾಗದವರು. ಬೆಳಿಗ್ಗೆ ಗದ್ದೆ, ಮಧ್ಯಾಹ್ನ ಊಟ, ಆಮೇಲೆಲ್ಲ ಬುದ್ಧಿಬಲ. ಎದುರಾಳಿ ಸಿಗದಿದ್ದರೆ ಮಣೆಯನ್ನು ಕಂಕುಳಲ್ಲಿಟ್ಟು ಕಾಳಿ ಹೊಳೆಯ ದಂಡೆಗೆ ಹೋಗಿ, ತಾರಿದೋಣಿಗೆ ಕಾದು ಕೂತವರನ್ನು ಹಿಡಿಯುತ್ತಿದ್ದರು. ಅವರ ದೆಸೆಯಿಂದ ಎಷ್ಟು ಜನ ದೋಣಿ ತಪ್ಪಿಸಿಕೊಂಡಿಲ್ಲ! ಒಮ್ಮೆ ಕರಿ ಕುದುರೆಯೊಂದು ಹೊಳೆಗೆ ಬಿತ್ತು. ಮಾವ ಧೃತಿಗೆಡಲಿಲ್ಲ. ಒಣ ಸಿಗಡಿಯೊಂದನ್ನು ತಂದು ಅದರ ಜಾಗದಲ್ಲಿಟ್ಟರು. ಬಾಗಿದ ಕತ್ತು, ಮೇಲೆ ಮೀಸೆ ಬೇರೆ! ಎರಡು ದಿನ ಆಟ ಸಾಗಿತು. ಮೂರನೆಯ ದಿನ ಬೆಕ್ಕು ಬಂದು ಕುದುರೆಯನ್ನು ತಿಂದುಹೋಯಿತು.

"ಬೇರೆ ಸಿಗಡಿ ಇಟ್ಕೊಳ್ಳಿ ಮಾರಾಯ್ರೆ," ಎಂದರು ಎದುರಿನವರು.

"ಛೆ! ಬೆಕ್ಕು ಹೊಡೆದ್ರೂ ಹೊಡೆದ ಹಾಗೇಯ," ಎಂದು ಮಾವ ಒಂದೇ ಕುದುರೆಯಲ್ಲಿ ಆಡಿ ಗೆದ್ದರು. ಮರುದಿನದಿಂದ ಮತ್ತೆ ಹೊಸ ಸಿಗಡಿಯೇ ಕುದುರೆ.

ಇಂಥವರಿಗೆ ಒಬ್ಬಳೇ ಮಗಳು. ಹೆಣ್ಣು ನೋಡಲು ಬಂದವನು ಮೊದಲು ಮಣೆಯ ಮುಂದೆ ಕೂರಬೇಕು. ಅವನಿಗೆ ಬಿಳಿ ಕಾಯಿ, ಮಾವನಿಗೆ ಕರಿ. ಸೋತವನಿಗೆ ಚಹಾ ಕೊಟ್ಟು ಕಳಿಸುವುದು. ಅಂಕೋಲೆಯ ಕಡೆಯ ಮೂರು ವರಗಳು ಹೀಗೇ ಹೋದವು. ಅದರಲ್ಲೊಬ್ಬ ಮೆಟ್ರಿಕ್ ಪಾಸು! ಈ ಹುಚ್ಚಿನಲ್ಲಿ ಹುಡುಗಿ ಮುದುಕಿಯಾಗುತ್ತಾಳೆ ಎಂದು ನೆಂಟರು ತಲೆ ಚಚ್ಚಿಕೊಂಡರು.

ಉಪ್ಪಿನ ಸತ್ಯಾಗ್ರಹವಾಗಿ ಎರಡು ವರ್ಷಕ್ಕೆ ನನ್ನ ಸರದಿ ಬಂತು. ಆಗ ನಮ್ಮ ಅಂಕೋಲೆಯ ಕಟ್ಟೆಗಳಲ್ಲೆಲ್ಲ ಒಂದು ಅಡ್ಡದಾರಿಯ ಆಟದ ಹುಚ್ಚು. ಉಳಿದವರು ಸಾವಕಾಶ ಕೋಟೆ ಕಟ್ಟುವ ಹೊತ್ತಿಗೆ ನಾವು ನಾಲ್ಕನೆಯ ನಡೆಗೇ ಕುದುರೆಯನ್ನು ಎದುರಿನ ರಾಜನ ಬಾಗಿಲಿಗೆ ನುಗ್ಗಿಸುವುದು! ಕರಿ ಕಾಯಿಯವನಿಗೆ ಆಮೇಲೆ ಎರಡೇ ದಾರಿ. ಕಣ್ಣೆದುರಿನ ಕಾಲಾಳನ್ನು ಆಸೆಬಿದ್ದು ಕುದುರೆಯಿಂದ ಹೊಡೆದರೆ ಅವನ ಕತೆ ಮುಗಿಯಿತು. ಅದನ್ನು ಬಿಟ್ಟು ಇನ್ನೊಂದು ಕುದುರೆಯನ್ನು ಮಣೆಯ ಅಂಚಿಗೆ ಒಯ್ದರೆ ನಾವೇ ಬಾಲ ಮುದುರಿಕೊಂಡು ಓಡಬೇಕು.

ನಾನು ಎದೆಯುಬ್ಬಿಸಿ ಕುದುರೆ ನುಗ್ಗಿಸಿದೆ. ಅಷ್ಟರಲ್ಲಿ ಬೆಕ್ಕು ಬಂದು ಮಾವನ ಸಿಗಡಿಗೆ ಬಾಯಿ ಹಾಕಿತು. ಕಾಯಿ ಎದುರಾಳಿಯದಾದರೇನು, ನಾನೇ ಹುಶ್ ಎಂದು ಓಡಿಸಿದೆ. ಮಾವ ಮಣೆ ನೋಡಿದರು, ನನ್ನನ್ನು ನೋಡಿದರು. "ಒಂಚೂರು ನೀರು ಕುಡ್ದು ಬರ್ತೆ," ಎಂದು ಒಳಗೆ ಹೋದರು. ಹೆದರಿದ್ದಾರೆ ಎಂದುಕೊಂಡೆ! ಬಂದವರೇ ಕುದುರೆಯಿಂದ ಕಾಲಾಳನ್ನು ಹೊಡೆದುಬಿಟ್ಟರು. ಮುಂದಿನದು ಕೇಳಬೇಕೆ? ಸ್ವಲ್ಪ ಹೊತ್ತಿಗೆಲ್ಲ ಅವರ ರಾಜ ಬೀದಿಗೆ ಬಿದ್ದ.

"ಸೋತೆ ಮಾರಾಯ್ರೆ, ಮುಹೂರ್ತ ನೋಡ್ಸಿ," ಎಂದು ಮಾವ ನಮ್ಮ ಅಪ್ಪನ ಕೈ ಹಿಡಿದರು.

ಐದು ವರ್ಷ ಈ ಗೆಲುವನ್ನು ಕಂಡಕಂಡವರಿಗೆಲ್ಲ ಹೇಳಿದೆ. ಮಾವನ ಎದುರು ಮತ್ತೆ ಕೂರಲಿಲ್ಲ. ಗೆದ್ದವನು ಇನ್ನೊಮ್ಮೆ ಯಾಕೆ ಆಡಬೇಕು? ಮೊನ್ನೆ ಚೌತಿಗೆ ಹೋದಾಗ ಮಾತ್ರ, ಮುದುಕರಿಗೆ ಬೇಜಾರಾಗದಿರಲಿ ಎಂದು ಕೂತೆ. ಅದೇ ದಾಳಿ ಮಾಡಿದೆ. ಮಾವನಿಗೆ ಈ ಸಲ ನೀರಡಿಕೆಯಾಗಲಿಲ್ಲ. ಎಲೆಗೆ ಸುಣ್ಣ ಹಚ್ಚುತ್ತಲೇ ಇನ್ನೊಂದು ಕುದುರೆಯನ್ನು ಅಂಚಿಗೆ ಒಯ್ದರು. ಎಲೆ ಜಗಿದು ಮುಗಿಯುವಷ್ಟರಲ್ಲಿ ನಾನು ಸೋತಿದ್ದೆ.

"ಅವತ್ತು ಇದನ್ನ ಎಂತಕ್ಕೆ ಆಡಲಿಲ್ಲ?"

"ನಿನ್ನ ಹೆಂಡ್ತಿ ಹತ್ರ ಕೇಳು."

ಹೆಂಡತಿ ಒಳಗೆ ಕಾಯಿ ತುರಿಯುತ್ತಿದ್ದಳು. ತಲೆಯೆತ್ತದೆ ಹೇಳಿದಳು: "ಪ್ರತಿ ಸಲ ಅಪ್ಪ ನೀರು ಕುಡಿಯೂಕೆ ಅಂತ ಒಳಗೆ ಬಂದು ಕೇಳ್ತಿದ್ರು, 'ತಂಗಿ, ಗೆಲ್ಲಲೋ, ಸೋಲಲೋ?' ಆ ಮೂವರೂ ಸಿಗಡಿ ನೋಡಿ ಅಪ್ಪನ್ನ ನಗಾಡಿದ್ರು. ಗೆಲ್ಲಿ ಅಂದೆ. ನೀವೊಬ್ರೇ ಬೆಕ್ಕು ಓಡ್ಸಿದ್ರಿ."

ನಮ್ಮ ಅಕ್ಕನ ಲಗ್ನ ಗೊತ್ತುಮಾಡುವಾಗ ಅವಳನ್ನು ಯಾರು ಕೇಳಿದ್ದರು? ನಾನೂ ಕೇಳಿರಲಿಲ್ಲ. ನಮ್ಮ ಮನೆಯಲ್ಲಿ ಹುಚ್ಚರು ಯಾರೂ ಇರಲಿಲ್ಲವಲ್ಲ!

ನಮ್ಮ ಮಗಳಿಗೀಗ ಮೂರು ವರ್ಷ. ಕೋಡಿಬಾಗಕ್ಕೆ ಹೋದಾಗಲೆಲ್ಲ ನಾನು ಮಾವನ ಎದುರು ಕರಿ ಕಾಯಿ ಹಿಡಿದು ಕೂರುತ್ತೇನೆ. ಸೋಲುವುದು ಚೆನ್ನಾಗಿ ಬರುತ್ತದೆ. ಮುಂದೊಂದು ದಿನ ಅವಳು ಗೆಲ್ಲು ಅಂದರೆ? ಅದನ್ನೂ ಕಲಿತಿಟ್ಟುಕೊಳ್ಳಬೇಕು.